ಒದ್ದೆ ನೆಲದ ಜ್ವರ

ಅಂಡಮಾನ್ ದ್ವೀಪಗಳ ಉತ್ತರ ಭಾಗದಲ್ಲಿ ಡಿಗ್ಲಿಪುರ ಎಂಬ ಊರಿದೆ. ಸುತ್ತಲಿನ ಹಳ್ಳಿಗಳ ಜನ ಹೆಚ್ಚಾಗಿ ಬೇಸಾಯಗಾರರು. 1988ರಿಂದ ಈಚೆಗೆ ಅಲ್ಲಿ ಮಳೆ ಹಿಂದೆ ಸರಿಯುವ ಹೊತ್ತಿಗೆ ಸರಿಯಾಗಿ ಒಂದು ಜ್ವರ ಎದ್ದು ಬರತೊಡಗಿತು. ಮೊದಲು ಮೈಕೈ ನೋವು, ತಲೆನೋವು. ಅಷ್ಟರಲ್ಲೇ ಕೆಲವರಿಗೆ ಕೆಮ್ಮು, ಕೆಮ್ಮಿದರೆ ಕಫದ ಜೊತೆ ರಕ್ತ. ಕೆಲವರು ಉಸಿರಾಡಲಾಗದೆ ಸತ್ತರು. ಇದು ಯಾವುದೋ ಹೊಸ ವೈರಸ್ಸಿನ ಕೆಲಸವಿರಬೇಕು ಎಂದು ಊಹಿಸಿ ಅದಕ್ಕೆ 'ಅಂಡಮಾನ್ ರಕ್ತಸ್ರಾವ ಜ್ವರ' ಎಂಬ ಹೆಸರನ್ನೂ ಇಟ್ಟಾಯಿತು.

1993ರಲ್ಲಿ ಅದು ಮತ್ತೆ ಬಂದಾಗ ಪೋರ್ಟ್ ಬ್ಲೇರ್‌ನಲ್ಲಿರುವ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಾದೇಶಿಕ ಕೇಂದ್ರದ ವಿಜ್ಞಾನಿಗಳು ರೋಗಿಗಳ ರಕ್ತವನ್ನು ಪರೀಕ್ಷಿಸಿದರು. ವೈರಸ್ ಅಲ್ಲ, ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾದ ಗುರುತು ಸಿಕ್ಕಿತು. 1995ರಲ್ಲಿ ಈ ವಿಷಯ ಪ್ರಕಟವಾಯಿತು. ಅಂದರೆ ಜನರನ್ನು ಕೊಂದ ಕಾಯಿಲೆಗೆ ಪೆನಿಸಿಲಿನ್‌ನಂಥ ಹಳೆಯ, ಅಗ್ಗದ ಔಷಧವೇ ಸಾಕಿತ್ತು. ಇನ್ನೂ ಮನಸ್ಸಿಗೆ ತಟ್ಟುವ ಸಂಗತಿಯೊಂದಿದೆ. ಟೇಲರ್ ಮತ್ತು ಗೋಯ್ಲ್ ಎಂಬ ಇಬ್ಬರು ವೈದ್ಯರು ಅಂಡಮಾನಿನಲ್ಲಿ ಇದೇ ರೋಗವನ್ನು ಗುರುತಿಸಿ 1931ರಲ್ಲೇ ಅದರ ಮೇಲೆ ಒಂದು ದೊಡ್ಡ ಪ್ರಬಂಧ ಬರೆದಿಟ್ಟಿದ್ದರು. ಕಾಡು ಕಡಿಯಲು ಹೋದ ಕೈದಿಗಳು ಅಂದು ಈ ರೋಗಕ್ಕೆ ತುತ್ತಾಗಿದ್ದರು. ಅರವತ್ತು ವರ್ಷಗಳಲ್ಲಿ ಆ ತಿಳಿವಳಿಕೆ ಮರೆತುಹೋಯಿತು, ರೋಗ ಮಾತ್ರ ಅಲ್ಲೇ ಉಳಿಯಿತು.

ನಮ್ಮಲ್ಲಿ 'ಇಲಿ ಜ್ವರ' ಎಂದು ಕರೆಯುವ ಲೆಪ್ಟೊಸ್ಪೈರೋಸಿಸ್‌ನ ಚರಿತ್ರೆಯುದ್ದಕ್ಕೂ ಇದೇ ಕಥೆ. ಬಂದದ್ದು ಗೊತ್ತಾದರೆ ಸುಲಭವಾಗಿ ವಾಸಿಯಾಗುವ ರೋಗ ಇದು. ಜನ ಸಾಯುವುದು ಬಹುಮಟ್ಟಿಗೆ ಅದು ಗೊತ್ತಾಗದೆ, ಅಥವಾ ತಡವಾಗಿ ಗೊತ್ತಾಗಿ. ಹಾಗಾಗಿ ಅದರ ದಾರಿಯನ್ನು ಅರಿತುಕೊಳ್ಳುವುದು ವೈದ್ಯರಿಗೆ ಎಷ್ಟು ಮುಖ್ಯವೋ ಕೆಸರಿಗೆ ಕಾಲಿಡುವ ಪ್ರತಿಯೊಬ್ಬರಿಗೂ ಅಷ್ಟೇ ಮುಖ್ಯ.

ಗಣಿಯ ನೀರಿನಲ್ಲಿ ಸಿಕ್ಕ ಸುಳಿವು

1886ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಅಡಾಲ್ಫ್ ವೈಲ್ ಎಂಬ ವೈದ್ಯ ನಾಲ್ವರು ರೋಗಿಗಳ ವಿವರ ಪ್ರಕಟಿಸಿದ. ನಾಲ್ವರಿಗೂ ಏಕಾಏಕಿ ಜ್ವರ, ಕಾಮಾಲೆ, ಊದಿದ ಗುಲ್ಮ, ಕೆಟ್ಟ ಮೂತ್ರಪಿಂಡ. ಕಾಮಾಲೆ ಆಗ ಹೊಸದೇನಲ್ಲ, ಆದರೆ ಈ ನಾಲ್ಕೂ ಒಟ್ಟಿಗೆ ಬರುವ ಕಾಯಿಲೆ ಬೇರೆಯದೇ ಎಂದು ಅವನು ಗುರುತಿಸಿದ. ರೋಗದ ತೀವ್ರ ರೂಪವನ್ನು ಇಂದಿಗೂ 'ವೈಲ್ ರೋಗ' ಎನ್ನುತ್ತಾರೆ. ಕಾರಣ ಮಾತ್ರ ಅವನಿಗೆ ತಿಳಿಯಲಿಲ್ಲ.

1907ರಲ್ಲಿ ಅಮೆರಿಕದ ಸ್ಟಿಮ್‌ಸನ್ ಎಂಬ ವೈದ್ಯ, ಹಳದಿ ಜ್ವರದಿಂದ ಸತ್ತನೆಂದು ಬರೆದಿದ್ದ ರೋಗಿಯೊಬ್ಬನ ಮೂತ್ರಪಿಂಡದ ತುಣುಕನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ. ನೂಲಿನೆಳೆಯಂತೆ ತೆಳ್ಳಗಿನ ಜೀವಿಗಳು, ತುದಿ ಕೊಕ್ಕೆಯಾಗಿ ಬಾಗಿದವು. ಆಕಾರ ಪ್ರಶ್ನಾರ್ಥಕ ಚಿಹ್ನೆಯಂತಿದ್ದುದರಿಂದ ಅದಕ್ಕೆ 'ಇಂಟೆರೊಗಾನ್ಸ್' ಎಂದು ಹೆಸರಿಟ್ಟ. ಇಂದು ಮನುಷ್ಯರನ್ನು ಕಾಡುವ ಮುಖ್ಯ ಪ್ರಭೇದದ ಹೆಸರು ಅದೇ: ಲೆಪ್ಟೊಸ್ಪೈರಾ ಇಂಟೆರೊಗಾನ್ಸ್.

ಗಂಟು ಬಿಡಿಸಿದವರು ಜಪಾನೀಯರು. ಕ್ಯೂಷೂ ದ್ವೀಪದ ಕಲ್ಲಿದ್ದಲ ಗಣಿಗಳಲ್ಲಿ ಕಾರ್ಮಿಕರು ಕಾಮಾಲೆ ಜ್ವರದಿಂದ ನರಳುತ್ತಿದ್ದರು. ರ್‍ಯೋಕಿಚಿ ಇನಾಡಾ, ಯುತಾಕಾ ಇಡೋ ಮತ್ತು ಅವರ ಸಂಗಡಿಗರು ರೋಗಿಗಳ ರಕ್ತವನ್ನು ಗಿನಿಯಿಲಿಗಳಿಗೆ ಚುಚ್ಚಿ, ಅವುಗಳ ಯಕೃತ್ತಿನಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯಾವನ್ನು ಕಂಡು 1915-16ರಲ್ಲಿ ಜಗತ್ತಿಗೆ ತಿಳಿಸಿದರು. ಅದೇ ಹೊತ್ತಿಗೆ ಮೊದಲ ಮಹಾಯುದ್ಧದ ಕಂದಕಗಳಲ್ಲಿ ನಿಂತ ನೀರಿನ ನಡುವೆ ಬಿದ್ದಿದ್ದ ಸೈನಿಕರಲ್ಲಿ ಜರ್ಮನ್ ವೈದ್ಯರೂ ಅದನ್ನು ಪತ್ತೆಮಾಡಿದರು. ಜಪಾನೀ ತಂಡ ಅಷ್ಟಕ್ಕೆ ನಿಲ್ಲಲಿಲ್ಲ. ಮೇಲ್ನೋಟಕ್ಕೆ ಆರೋಗ್ಯವಾಗಿರುವ ಇಲಿಗಳ ಮೂತ್ರಪಿಂಡದಲ್ಲೂ ಈ ಜೀವಿ ಇದೆ, ಮೂತ್ರದಲ್ಲಿ ಹೊರಬರುತ್ತದೆ, ಚರ್ಮದ ಮೂಲಕ ಒಳಹೋಗಬಲ್ಲದು ಎಂದೂ ತೋರಿಸಿಕೊಟ್ಟಿತು. ಗಣಿಯೊಳಗೆ ನಿಂತ ನೀರನ್ನು ಹೊರಹಾಕುವುದೇ ಮದ್ದು ಎಂಬುದು ಅವರಿಗೆ ಅಂದೇ ಹೊಳೆದಿತ್ತು.

ಲೆಪ್ಟೊಸ್ಪೈರಾ ಎಂಬ ಹೆಸರು ಕೊಟ್ಟ ವಿಜ್ಞಾನಿ ಹಿಡೆಯೊ ನೊಗುಚಿಯ ಪಾಡು ಬೇರೆಯಾಯಿತು. ದಕ್ಷಿಣ ಅಮೆರಿಕದಲ್ಲಿ ಹಳದಿ ಜ್ವರದ ರೋಗಿಗಳೆಂದು ಕರೆತಂದವರಲ್ಲಿ ಅವನಿಗೆ ಲೆಪ್ಟೊಸ್ಪೈರಾ ಸಿಕ್ಕಿತು. ಹಳದಿ ಜ್ವರಕ್ಕೂ ಇದೇ ಕಾರಣವೆಂದು ಅವನು ನಂಬಿದ. ಅದನ್ನೇ ಮತ್ತೆ ಪರೀಕ್ಷಿಸಲು ಆಫ್ರಿಕಕ್ಕೆ ಹೋಗಿ 1928ರಲ್ಲಿ ಅಕ್ರಾದಲ್ಲಿ ಹಳದಿ ಜ್ವರ ತಗುಲಿಯೇ ತೀರಿಕೊಂಡ. ಎರಡೂ ರೋಗಗಳು ಕಣ್ಣಿಗೆ ಅಷ್ಟು ಹೋಲುತ್ತವೆ, ನೋಡಿದ ಮಾತ್ರಕ್ಕೆ ಗುರುತು ಹಿಡಿಯುವುದು ಅಷ್ಟು ಕಷ್ಟ.

ಇಲಿಗೆ ಏನೂ ಆಗುವುದಿಲ್ಲ

ಈ ಬ್ಯಾಕ್ಟೀರಿಯಾದ ದಪ್ಪ ಒಂದು ಮಿಲಿಮೀಟರಿನ ಹತ್ತು ಸಾವಿರದ ಒಂದು ಪಾಲು. ಉದ್ದ ಅದರ ನೂರು ಪಟ್ಟು. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಇದು ಸುಲಭವಾಗಿ ಕಾಣುವುದಿಲ್ಲ. ಕಪ್ಪು ಹಿನ್ನೆಲೆಯಲ್ಲಿ ಓರೆಯಾಗಿ ಬೆಳಕು ಬಿಟ್ಟು ನೋಡಿದರೆ ಬೆಳ್ಳಿಯ ಎಳೆಗಳು ತಿರುಗುತ್ತಿರುವುದು ಕಾಣುತ್ತದೆ. ಹಲವು ಬ್ಯಾಕ್ಟೀರಿಯಾಗಳಿಗೆ ಈಜುವ ಬಾಲ ಹೊರಗಿರುತ್ತದೆ, ಇದಕ್ಕೆ ಮೈಯ ಎರಡು ಪದರಗಳ ನಡುವೆ ಅಡಗಿದೆ. ಆ ಬಾಲಗಳು ತಿರುಗಿದಾಗ ಇಡೀ ಮೈಯೇ ತಿರುಗಿ, ಬೈರಿಗೆ ಮರದೊಳಗೆ ಇಳಿಯುವ ಹಾಗೆ ಮುಂದೆ ಸಾಗುತ್ತದೆ. ಲೋಳೆಯಂಥ ದಪ್ಪ ದ್ರವದಲ್ಲೂ, ಜೀವಕೋಶಗಳ ಸಂದಿಯಲ್ಲೂ ಇದಕ್ಕೆ ತಡೆಯಿಲ್ಲ.

ಇದರ ತವರು ಪ್ರಾಣಿಗಳ ಮೂತ್ರಪಿಂಡ. ಮೂತ್ರ ಸೋಸಿ ಹರಿಯುವ ಸಣ್ಣ ನಾಳಗಳ ಒಳಗೋಡೆಗೆ ಅಂಟಿಕೊಂಡು ಅಲ್ಲೇ ಬೆಳೆಯುತ್ತದೆ. ಇಲಿ, ಹೆಗ್ಗಣಗಳ ಜೊತೆ ಇದರ ಒಡನಾಟ ಎಷ್ಟು ಹಳೆಯದೆಂದರೆ ಅವುಗಳಿಗೆ ಜ್ವರವೂ ಇಲ್ಲ, ಸುಸ್ತೂ ಇಲ್ಲ. ಒಮ್ಮೆ ಸೋಂಕು ತಗುಲಿದ ಇಲಿ ತಿಂಗಳುಗಟ್ಟಲೆ, ಹಲವೊಮ್ಮೆ ಬದುಕಿರುವಷ್ಟು ಕಾಲ ಮೂತ್ರದ ಪ್ರತಿ ಹನಿಯಲ್ಲೂ ಬ್ಯಾಕ್ಟೀರಿಯಾವನ್ನು ಚೆಲ್ಲುತ್ತಲೇ ಇರುತ್ತದೆ.

'ಇಲಿ ಜ್ವರ' ಎಂಬ ಹೆಸರು ನಮ್ಮ ಗಮನವನ್ನೆಲ್ಲ ಇಲಿಯ ಮೇಲೆ ನಿಲ್ಲಿಸಿಬಿಡುತ್ತದೆ. ಆದರೆ ನಾಯಿ, ಹಂದಿ, ದನ, ಎಮ್ಮೆ, ಕುರಿ, ಮೇಕೆ ಎಲ್ಲವೂ ಇದನ್ನು ಹೊರಬಲ್ಲವು. ರೋಗ ತರುವ ಲೆಪ್ಟೊಸ್ಪೈರಾದಲ್ಲಿ 250ಕ್ಕೂ ಹೆಚ್ಚು ಬಗೆಗಳಿವೆ. ಇಕ್ಟೆರೊಹೆಮರೇಜಿಯೆ ಎಂಬ ಬಗೆ ಇಲಿಗಳಿಗೆ ಹೊಂದಿಕೊಂಡಿದ್ದರೆ ಕನಿಕೋಲಾ ನಾಯಿಗೆ, ಹಾರ್ಡ್‌ಜೊ ದನಕ್ಕೆ, ಪೊಮೋನಾ ಹಂದಿಗೆ ಹೆಚ್ಚು ಒಗ್ಗಿವೆ. ಕೊಟ್ಟಿಗೆಯ ಹಸು ಕಾರಣವಿಲ್ಲದೆ ಕಂದು ಹಾಕಿದರೆ, ಹಾಲು ಏಕಾಏಕಿ ಇಳಿದರೆ ಅದರ ಹಿಂದೆ ಲೆಪ್ಟೊಸ್ಪೈರಾ ಇರಬಹುದು. ಅಂಥ ಗರ್ಭವನ್ನು ಬರಿಗೈಯಲ್ಲಿ ಎತ್ತಿ ಹಾಕುವವರಿಗೆ ಅಪಾಯವಿದೆ. ಪಶುವೈದ್ಯರಿಗೆ ತೋರಿಸುವುದು ಹಸುವಿಗಷ್ಟೇ ಅಲ್ಲ, ಮನೆಯವರಿಗೂ ಒಳ್ಳೆಯದು.

ಮೂತ್ರ ಬಿದ್ದ ನೆಲ ಒಣಗಿದರೆ ಬ್ಯಾಕ್ಟೀರಿಯಾ ಬೇಗ ಸಾಯುತ್ತದೆ. ಸುಡುಬಿಸಿಲು, ಹುಳಿ, ಬ್ಲೀಚಿಂಗ್ ಪುಡಿ ಯಾವುದನ್ನೂ ಅದು ತಾಳದು. ಆದರೆ ನೆಲ ತೇವವಾಗಿದ್ದು, ನೆರಳಿದ್ದು, ಹವೆ ಬೆಚ್ಚಗಿದ್ದರೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬದುಕಿರುತ್ತದೆ. ನಮ್ಮ ಮಲೆನಾಡು, ಕರಾವಳಿಯ ಜೂನ್‌ನಿಂದ ಅಕ್ಟೋಬರ್‌ವರೆಗಿನ ನೆಲ ಅದಕ್ಕೆ ಹೇಳಿ ಮಾಡಿಸಿದ್ದು.

ಯಾರ ಕಾಲು ಒದ್ದೆಯಾಗುತ್ತದೋ ಅವರಿಗೆ

ಚರ್ಮ ಎಲ್ಲೂ ಒಡೆಯದೆ ಗಟ್ಟಿಯಾಗಿದ್ದರೆ ಈ ಬ್ಯಾಕ್ಟೀರಿಯಾಕ್ಕೆ ಒಳದಾರಿ ಸಿಗುವುದು ಕಷ್ಟ. ಒಂದು ಗೀರು, ಮುಳ್ಳು ತರಚಿದ ಗಾಯ, ಒಡೆದ ಹಿಮ್ಮಡಿ ಇದ್ದರೆ ಸಾಕು. ಕಣ್ಣು, ಮೂಗು, ಬಾಯಿಯ ತೆಳುಪೊರೆಯ ಮೂಲಕವೂ ಒಳಹೋಗುತ್ತದೆ. ನಾಟಿಯ ದಿನಗಳಲ್ಲಿ ಬೆಳಗಿನಿಂದ ಸಂಜೆವರೆಗೆ ಗದ್ದೆಯಲ್ಲಿ ಬಗ್ಗಿ ನಿಂತ ಹೆಂಗಸರ ಕಾಲು ನೋಡಿದವರಿಗೆ ಗೊತ್ತು: ನೀರು ತಿಂದು ಬೆಳ್ಳಗೆ ಮೆತ್ತಗಾದ ಪಾದ, ಬೆರಳ ಸಂದಿಯಲ್ಲಿ ಕೆಸರುಹುಣ್ಣು. ಇಲಿಗಳೋ ಗದ್ದೆಯ ಬದುವಿನಲ್ಲೇ ಬಿಲ ತೋಡಿ ವಾಸಿಸುವ ಜೀವಿಗಳು. ಗದ್ದೆಗೆ ನೀರು ಕಟ್ಟಿದೊಡನೆ ಅವುಗಳ ಮೂತ್ರವೂ ಅದೇ ನೀರಿಗೆ ಸೇರುತ್ತದೆ. ಅಡಿಕೆ ತೋಟದ ಕಪ್ಪು (ಬಸಿಗಾಲುವೆ) ಬಿಡಿಸುವವರು, ಕೊಟ್ಟಿಗೆ ಗೊಬ್ಬರ ತೆಗೆಯುವವರು, ಚರಂಡಿಗೆ ಇಳಿಯುವ ಪೌರಕಾರ್ಮಿಕರು, ಕಸಾಯಿಖಾನೆಯಲ್ಲಿ, ಹಂದಿ ಸಾಕಣೆಯಲ್ಲಿ ದುಡಿಯುವವರು, ಕೆರೆ ಹೊಳೆಗಳಲ್ಲಿ ಮೀನು ಹಿಡಿಯುವವರು ಎಲ್ಲರೂ ಈ ಸಾಲಿಗೇ ಸೇರುತ್ತಾರೆ.

ಬೇರೆ ದೇಶಗಳಲ್ಲೂ ಹೀಗೆಯೇ. 1930ರ ದಶಕದಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನ ಕಬ್ಬಿನ ಗದ್ದೆಗಳಲ್ಲಿ ಕಟಾವಿನ ಆಳುಗಳು ವೈಲ್ ರೋಗಕ್ಕೆ ಬಲಿಯಾಗತೊಡಗಿದರು. ಕಬ್ಬಿನ ಒತ್ತಾದ ಸಾಲುಗಳಲ್ಲಿ ಇಲಿಗಳು, ಕಬ್ಬಿನ ಗರಿ ಕೊಯ್ದು ಗಾಯವಾದ ಕೈಕಾಲುಗಳು. ಕಟಾವಿಗೆ ಮೊದಲು ಗದ್ದೆಗೆ ಬೆಂಕಿ ಕೊಟ್ಟು ಇಲಿಗಳನ್ನು ಓಡಿಸಬೇಕೆಂದು ಕಾರ್ಮಿಕರು ಪಟ್ಟು ಹಿಡಿದು 1935ರಲ್ಲಿ ಮುಷ್ಕರವನ್ನೇ ಹೂಡಿದರು. ಒಂದು ಬ್ಯಾಕ್ಟೀರಿಯಾ ಕೃಷಿ ಪದ್ಧತಿಯನ್ನೂ ಕಾರ್ಮಿಕರ ಚರಿತ್ರೆಯನ್ನೂ ಬದಲಿಸಿತು.

ಪ್ರವಾಹ ಬಂದಾಗ ಮಾತ್ರ ಕಸುಬಿನ ಗೆರೆ ಅಳಿಸಿಹೋಗುತ್ತದೆ. ಬಿಲಗಳು ಮುಳುಗಿ ಇಲಿಗಳು ಮನೆಗಳತ್ತ ಬರುತ್ತವೆ, ಚರಂಡಿಯ ನೀರು ರಸ್ತೆಗೆ ಏರುತ್ತದೆ, ಕಚೇರಿಗೆ ಹೋಗುವವರೂ ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಾರೆ. 1999ರ ಒಡಿಶಾ ಮಹಾ ಚಂಡಮಾರುತದ ನಂತರ, 2005ರ ಜುಲೈ 26ರಂದು ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ಮುಂಬಯಿಯಲ್ಲಿ, 2018ರ ಕೇರಳದ ಮಹಾಪೂರದ ಬಳಿಕ, ನೀರು ಇಳಿದ ಮೇಲೆ ಆಸ್ಪತ್ರೆಗಳು ಇಲಿ ಜ್ವರದ ರೋಗಿಗಳಿಂದ ತುಂಬಿದವು. ಸೋಂಕು ತಗುಲಿದ ಮೇಲೆ ರೋಗ ಕಾಣಿಸಿಕೊಳ್ಳಲು 2ರಿಂದ 30 ದಿನ, ಸಾಮಾನ್ಯವಾಗಿ ಒಂದೆರಡು ವಾರ ಹಿಡಿಯುತ್ತದೆ. ಅದಕ್ಕೇ ನೆರೆ ಇಳಿದು ಜನ ನಿಟ್ಟುಸಿರು ಬಿಡುವ ಹೊತ್ತಿಗೆ ಜ್ವರ ಏರುತ್ತದೆ.

2015ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಜನರಿಗೆ ಈ ರೋಗ ತೀವ್ರವಾಗಿ ತಗುಲುತ್ತದೆ, ಸುಮಾರು 59 ಸಾವಿರ ಜನ ಸಾಯುತ್ತಾರೆ. ಭಾರತದಲ್ಲಿ ಇದರ ತಡೆಗೆಂದೇ ಕೇಂದ್ರ ಸರ್ಕಾರ ರೂಪಿಸಿದ ಕಾರ್ಯಕ್ರಮದಲ್ಲಿ ಅಂಡಮಾನ್, ಗುಜರಾತ್, ಮಹಾರಾಷ್ಟ್ರ, ಕೇರಳ, ತಮಿಳುನಾಡುಗಳ ಜೊತೆ ಕರ್ನಾಟಕವೂ ಸೇರಿದೆ.

ದೇಹದೊಳಗಿನ ಎರಡು ಹಂತ

ಒಳಹೊಕ್ಕ ಬ್ಯಾಕ್ಟೀರಿಯಾ ನೇರವಾಗಿ ರಕ್ತಕ್ಕೆ ಇಳಿದು ಎಲ್ಲ ಅಂಗಗಳಿಗೂ ಹರಡುತ್ತದೆ. ಮೊದಲ ವಾರ ನಡುಕ ಹುಟ್ಟಿಸುವ ಜ್ವರ, ಸಿಡಿಯುವ ತಲೆನೋವು, ವಾಂತಿ. ಇಷ್ಟೇ ಆದರೆ ಡೆಂಗಿಯೂ ಆಗಬಹುದು, ಮಲೇರಿಯವೂ ಆಗಬಹುದು. ಆದರೆ ಗಮನಿಸಬೇಕಾದ ಎರಡು ಗುರುತುಗಳಿವೆ. ಒಂದು, ಮೀನಖಂಡ, ಸೊಂಟ, ತೊಡೆಗಳಲ್ಲಿ ಮುಟ್ಟಲು ಬಿಡದಂಥ ನೋವು. ಎರಡು, ಕಣ್ಣು ಕೆಂಪಾಗಿರುತ್ತದೆ, ಆದರೆ ಕಣ್ಣುಬೇನೆಯಲ್ಲಿ ಬರುವಂತೆ ಪಿಸುರು, ಕೀವು ಇರುವುದಿಲ್ಲ. ಎಲ್ಲರಲ್ಲೂ ಇವು ಕಾಣುತ್ತವೆಂದಲ್ಲ, ಕಂಡರೆ ಮಾತ್ರ ಕಡೆಗಣಿಸಬಾರದು.

ವಾರ ಕಳೆಯುವಷ್ಟರಲ್ಲಿ ದೇಹ ಪ್ರತಿಕಾಯಗಳನ್ನು ತಯಾರಿಸುತ್ತದೆ. ಬ್ಯಾಕ್ಟೀರಿಯಾ ರಕ್ತದಿಂದ ಮಾಯವಾಗಿ ಮೂತ್ರಪಿಂಡದಲ್ಲಿ ನೆಲೆಯೂರುತ್ತದೆ. ಬಹುಪಾಲು ಜನರಿಗೆ ರೋಗ ಇಲ್ಲಿಗೆ ತೀರಿಹೋಗುತ್ತದೆ. ನೂರರಲ್ಲಿ ಐದು ಹತ್ತು ಮಂದಿಗೆ ಮಾತ್ರ ಅದು ವಿಕೋಪಕ್ಕೆ ತಿರುಗುತ್ತದೆ. ಯಕೃತ್ತಿನ ಜೀವಕೋಶಗಳ ನಡುವಿನ ಬೆಸುಗೆ ಸಡಿಲಗೊಂಡು ಪಿತ್ತ ರಕ್ತಕ್ಕೆ ಸೋರಿ ಕಾಮಾಲೆಯಾಗುತ್ತದೆ. ಮೂತ್ರಪಿಂಡದ ನಾಳಗಳು ಊದಿಕೊಂಡು ಅದರ ಕೆಲಸ ಕುಸಿಯುತ್ತದೆ. ಎಲ್ಲಕ್ಕಿಂತ ಭಯಂಕರವಾದದ್ದು ಡಿಗ್ಲಿಪುರದಲ್ಲಿ ಕಂಡ ರೂಪ, ಪುಪ್ಪುಸದೊಳಗೆ ರಕ್ತಸ್ರಾವ. ಇದಾದವರಲ್ಲಿ ಅರ್ಧದಷ್ಟು ಜನ ಉಳಿಯುವುದೇ ಕಷ್ಟ.

ಕಾಮಾಲೆಯ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ನಮ್ಮಲ್ಲಿ ಕಣ್ಣು ಹಳದಿಯಾದೊಡನೆ ನಾಟಿ ಔಷಧಿಗೆ ಹೋಗುವ ರೂಢಿ ಬಲವಾಗಿದೆ. ಸಾಮಾನ್ಯ ವೈರಸ್ ಕಾಮಾಲೆಯಲ್ಲಿ ಕಣ್ಣು ಹಳದಿಯಾಗುವ ಹೊತ್ತಿಗೆ ಜ್ವರ ಇಳಿದಿರುತ್ತದೆ, ಹೆಚ್ಚಿನವರು ಪಥ್ಯದಲ್ಲೇ ಚೇತರಿಸಿಕೊಳ್ಳುತ್ತಾರೆ. ಇಲಿ ಜ್ವರದಲ್ಲಿ ಹಳದಿ ಕಣ್ಣಿನ ಜೊತೆ ಜ್ವರವೂ ಮೈಕೈ ನೋವೂ ಮುಂದುವರಿದು ಮೂತ್ರ ಕಡಿಮೆಯಾಗುತ್ತದೆ. ಆಗ ಪಥ್ಯದಲ್ಲಿ ಕಳೆದ ಒಂದೊಂದು ದಿನವೂ ಮೂತ್ರಪಿಂಡದ ಮೇಲೆ ಬಿದ್ದ ಪೆಟ್ಟು. ಹಾಗೆಯೇ ಮೈಕೈ ನೋವಿಗೆಂದು ಅಂಗಡಿಯಿಂದ ತಂದು ನುಂಗುವ ನೋವಿನ ಗುಳಿಗೆಗಳು ಸೋತ ಮೂತ್ರಪಿಂಡವನ್ನು ಇನ್ನಷ್ಟು ಸೋಲಿಸುತ್ತವೆ. ಜ್ವರ ಇಳಿಸಲು ಪ್ಯಾರಾಸಿಟಮಾಲ್ ಸಾಕು, ಉಳಿದದ್ದು ವೈದ್ಯರ ಮಾತಿನಂತೆ ಆಗಲಿ.

ಪರೀಕ್ಷೆಗಿಂತ ಮೊದಲು ಒಂದು ಪ್ರಶ್ನೆ

ಈ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಲು ವಾರಗಳೇ ಬೇಕು. ರೋಗಿ ಅಷ್ಟು ದಿನ ಕಾಯಲಾರ. ಪ್ರತಿಕಾಯಗಳನ್ನು ಹುಡುಕುವ ಎಲೈಸಾ ಪರೀಕ್ಷೆ ಸುಲಭ, ಆದರೆ ಪ್ರತಿಕಾಯಗಳು ಹುಟ್ಟಲೇ ಐದರಿಂದ ಏಳು ದಿನ ಬೇಕು. ಮೂರನೆಯ ದಿನ ಪರೀಕ್ಷಿಸಿ 'ಇಲ್ಲ' ಎಂದು ಬಂದರೆ ಅದನ್ನು ಕೊನೆಯ ಮಾತೆಂದು ನಂಬುವಂತಿಲ್ಲ. ಮೊದಲ ವಾರದ ರಕ್ತದಲ್ಲಿ ಪಿಸಿಆರ್ ಪರೀಕ್ಷೆ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೇ ಹಿಡಿಯಬಲ್ಲದು, ಆದರೆ ಅದು ಎಲ್ಲ ಊರುಗಳಲ್ಲಿ ಸಿಗುವುದಿಲ್ಲ. ಎಲ್ಲಕ್ಕಿಂತ ನಂಬಿಕೆಯ 'ಮ್ಯಾಟ್' ಪರೀಕ್ಷೆಗೆ ಹಲವು ಬಗೆಯ ಜೀವಂತ ಲೆಪ್ಟೊಸ್ಪೈರಾಗಳನ್ನು ಸಾಕಿಕೊಂಡಿರುವ ಪ್ರಯೋಗಾಲಯ ಬೇಕು, ದಿನಗಳ ಅಂತರದಲ್ಲಿ ಎರಡು ಸಲ ರಕ್ತ ಕೊಡಬೇಕು.

ಅದಕ್ಕೆಂದೇ ಅನುಭವಿ ವೈದ್ಯರು ಅಂಕ ಕೊಡುವ ಒಂದು ಪದ್ಧತಿಯನ್ನು ಬಳಸುತ್ತಾರೆ. ಆಸ್ಟ್ರೇಲಿಯದ ಸೊಲೊಮನ್ ಫೈನ್ ರೂಪಿಸಿದ ಈ ಮಾನದಂಡದಲ್ಲಿ ರೋಗಲಕ್ಷಣ ಮತ್ತು ಪರೀಕ್ಷೆಗಳ ಜೊತೆ ರೋಗಿ ಪ್ರಾಣಿಗಳ, ಕೊಳಕು ನೀರಿನ ಸಂಪರ್ಕಕ್ಕೆ ಬಂದಿದ್ದನೇ ಎಂಬುದಕ್ಕೂ ಅಂಕವಿದೆ. ಭಾರತದಲ್ಲಿ ಅದನ್ನು ಪರಿಷ್ಕರಿಸುವಾಗ ಮಳೆಯನ್ನೂ ಸೇರಿಸಿಕೊಂಡರು. ರೋಗನಿದಾನದ ಪಟ್ಟಿಯಲ್ಲಿ ಮಳೆಗೂ ಒಂದು ಜಾಗ! ವೈದ್ಯರು ಕೇಳಬೇಕಾದ ಪ್ರಶ್ನೆ ಹಾಗಾಗಿ ಸರಳ: ಕಳೆದ ಒಂದು ತಿಂಗಳಲ್ಲಿ ಯಾವ ಕೆಲಸ ಮಾಡಿದಿರಿ, ಎಲ್ಲಿ ಕಾಲು ಒದ್ದೆಯಾಯಿತು? ಅವರು ಕೇಳದಿದ್ದರೆ ರೋಗಿಯೇ ಹೇಳಬೇಕು.

ಸಂಶಯ ಬಂದೊಡನೆ ಫಲಿತಾಂಶಕ್ಕೆ ಕಾಯದೆ ಚಿಕಿತ್ಸೆ ಶುರುಮಾಡುವುದೇ ಇಲ್ಲಿ ಜಾಣತನ. ಸೌಮ್ಯ ರೋಗಕ್ಕೆ ಡಾಕ್ಸಿಸೈಕ್ಲಿನ್ ಅಥವಾ ಅಜಿತ್ರೊಮೈಸಿನ್ ಗುಳಿಗೆ, ತೀವ್ರವಾದರೆ ಪೆನಿಸಿಲಿನ್ ಅಥವಾ ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದು. ಮಳೆಗಾಲದ ಇನ್ನೊಂದು ಕಳ್ಳ ಜ್ವರವಾದ ಸ್ಕ್ರಬ್ ಟೈಫಸ್‌ಗೂ ಡಾಕ್ಸಿಸೈಕ್ಲಿನ್ನೇ ಮದ್ದು. ಮೂತ್ರಪಿಂಡ ಕೈಕೊಟ್ಟರೂ ಎದೆಗುಂದಬೇಕಿಲ್ಲ. ಸಕಾಲದಲ್ಲಿ ಡಯಾಲಿಸಿಸ್ ಮಾಡಿದರೆ ಹೆಚ್ಚಿನವರ ಮೂತ್ರಪಿಂಡ ಕೆಲವು ವಾರಗಳಲ್ಲಿ ಮೊದಲಿನಂತಾಗುತ್ತದೆ.

ಗಮ್‌ಬೂಟು, ಗುಳಿಗೆ, ಬಿಸಿಲು

ಮನುಷ್ಯರಿಗೆ ಎಲ್ಲ ಬಗೆಗಳಿಂದಲೂ ಕಾಪಾಡುವ ಲಸಿಕೆ ಇನ್ನೂ ಇಲ್ಲ. ಕ್ಯೂಬಾ, ಚೀನಾ, ಫ್ರಾನ್ಸ್‌ನಂಥ ಕೆಲವು ದೇಶಗಳಲ್ಲಿ ಬಳಕೆಗೆ ಬಂದ ಲಸಿಕೆಗಳು ಆಯಾ ಪ್ರದೇಶದ ಕೆಲವೇ ಬಗೆಗಳಿಗೆ ಸೀಮಿತ. ಸಾಕುನಾಯಿಗಳಿಗೆ ಲಸಿಕೆ ಇದೆ, ವರ್ಷಕ್ಕೊಮ್ಮೆ ಹಾಕಿಸುವುದು ಒಳ್ಳೆಯದು.

ಗುಳಿಗೆಯಿಂದ ರೋಗವನ್ನು ಮೊದಲೇ ತಡೆಯಬಹುದೇ? 1980ರ ದಶಕದಲ್ಲಿ ಪನಾಮಾದ ಕಾಡಿನಲ್ಲಿ ತರಬೇತಿಗೆ ಹೋದ 940 ಅಮೆರಿಕನ್ ಸೈನಿಕರ ಮೇಲೆ ಪರೀಕ್ಷೆ ನಡೆಯಿತು. ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ತೆಗೆದುಕೊಂಡ ಗುಂಪಿನಲ್ಲಿ ಒಬ್ಬನಿಗೆ, ಬರಿ ಹುಸಿಗುಳಿಗೆ ತೆಗೆದುಕೊಂಡ ಗುಂಪಿನಲ್ಲಿ 20 ಮಂದಿಗೆ ರೋಗ ಬಂತು. ಮುಂದೆ ಅಂಡಮಾನಿನಲ್ಲಿ ನಡೆದ ಇಂಥದೇ ಪರೀಕ್ಷೆಯಲ್ಲಿ ಫಲ ಇಷ್ಟು ಹೊಳಪಾಗಿರಲಿಲ್ಲ: ಗುಳಿಗೆ ಸೋಂಕನ್ನು ತಡೆಯಲಿಲ್ಲ, ಕಾಯಿಲೆ ಬೀಳುವವರನ್ನು ಕಡಿಮೆ ಮಾಡಿತು. ಮಳೆಗಾಲವಿಡೀ ಊರಿಗೆಲ್ಲ ಗುಳಿಗೆ ಹಂಚುವುದು ಸರಿಯಲ್ಲ. ನೆರೆ ಪರಿಹಾರಕ್ಕೆ ಇಳಿಯುವವರಿಗೆ, ಚರಂಡಿ ಕೆಲಸದವರಿಗೆ ಅಪಾಯದ ವಾರಗಳಲ್ಲಿ ವೈದ್ಯರ ಸಲಹೆಯಂತೆ ಕೊಡುವುದು ಸರಿ. ಕೇರಳದಲ್ಲಿ 2018ರಲ್ಲಿ ಮಾಡಿದ್ದು ಇದನ್ನೇ. ಗರ್ಭಿಣಿಯರೂ ಚಿಕ್ಕ ಮಕ್ಕಳೂ ವೈದ್ಯರನ್ನು ಕೇಳದೆ ಇದನ್ನು ತೆಗೆದುಕೊಳ್ಳಬಾರದು.

ಉಳಿದ ಉಪಾಯಗಳು ಮನೆಯಂಗಳದವು. ಕೊಟ್ಟಿಗೆಯ ನೀರು ನಿಲ್ಲದೆ ಹರಿದುಹೋಗಲಿ, ನೆಲಕ್ಕೆ ಬಿಸಿಲು ಬೀಳಲಿ. ಮಳೆ ಹಿಡಿಯುವ ಮೊದಲೇ ಬದುಗಳ ಬಿಲ ಮುಚ್ಚಿ ಇಲಿ ಹಿಡಿಯಿರಿ, ಭತ್ತ, ದವಸಗಳನ್ನು ಇಲಿ ಹೋಗದಂತೆ ಮುಚ್ಚಿಡಿ. ಕಾಲಿನ ಗಾಯಕ್ಕೆ ನೀರು ತಾಗದ ಪಟ್ಟಿ ಹಾಕಿಯೇ ಗದ್ದೆಗೆ ಇಳಿಯಿರಿ, ಮೇಲೆ ಬಂದೊಡನೆ ಶುದ್ಧ ನೀರಿನಲ್ಲಿ ಸೋಪು ಹಾಕಿ ತೊಳೆಯಿರಿ. ಬಾವಿಗೆ ನೆರೆ ನೀರು ಸೇರಿದ್ದರೆ ಕ್ಲೋರಿನ್ ಹಾಕದೆ ಬಳಸಬೇಡಿ, ಕುಡಿಯುವ ನೀರನ್ನು ಕುದಿಸಿ. ನಾಟಿಯ ಕೆಸರಿನಲ್ಲಿ ಗಮ್‌ಬೂಟು ಹೂತುಹೋಗಿ ಹೆಜ್ಜೆ ಎತ್ತಲಾಗದು ಎಂಬುದು ನಿಜ. ಆದರೆ ಗೊಬ್ಬರ ತೆಗೆಯುವಾಗ, ತೋಟದಲ್ಲಿ, ಚರಂಡಿಯಲ್ಲಿ ಅದಕ್ಕೆ ಅಡ್ಡಿಯಿಲ್ಲ. ಪೌರಕಾರ್ಮಿಕರಿಗೆ ಬೂಟು, ಕೈಗವಸು ಕೊಡುವುದು ದಯೆಯಲ್ಲ, ಕೆಲಸ ಮಾಡಿಸುವವರ ಹೊಣೆ. ಬರಿಗಾಲಲ್ಲಿ ಒಬ್ಬರನ್ನು ಕೊಳಕು ನೀರಿಗೆ ಇಳಿಸುವ ಊರಿಗೆ ಈ ರೋಗವನ್ನು ದುರದೃಷ್ಟ ಎಂದು ಕರೆಯುವ ಹಕ್ಕಿಲ್ಲ.

ಓದುಗರಲ್ಲಿ ಕೇಳಿಕೊಳ್ಳುವುದು ಇಷ್ಟೇ. ಮಳೆಗಾಲದಲ್ಲಿ ನಿಮ್ಮ ಮನೆಯಲ್ಲಿ, ನಿಮ್ಮಲ್ಲಿ ಕೆಲಸ ಮಾಡುವವರಲ್ಲಿ ಯಾರಿಗಾದರೂ ಜ್ವರದ ಜೊತೆ ಮೀನಖಂಡದ ನೋವು ಬಂದರೆ, ಕಣ್ಣು ಕೆಂಪಾದರೆ ಅಥವಾ ಹಳದಿಯಾದರೆ, ಮೂತ್ರ ಕಡಿಮೆಯಾದರೆ, ಅಂದೇ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಗದ್ದೆಗೆ ಇಳಿದದ್ದು, ಕೊಟ್ಟಿಗೆ ತೊಳೆದದ್ದು, ನೆರೆ ನೀರಿನಲ್ಲಿ ನಡೆದದ್ದು ಎಲ್ಲವನ್ನೂ ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಆ ಒಂದು ಮಾತು ಮತ್ತು ಅಗ್ಗದ ಕೆಲವು ಗುಳಿಗೆಗಳು ಸಕಾಲದಲ್ಲಿ ಸೇರಿದರೆ ಹೆಚ್ಚಿನ ಜೀವಗಳು ಉಳಿಯುತ್ತವೆ.